ಜಾಂಡೀಸ್ ಬಂದಿದೆ, ಎ-ಬಿ-ಸಿ-ಇ ಎಲ್ಲ ನೆಗೆಟಿವ್. ಹಾಗಾದ್ರೆ ಇದು ಯಾವ ವೈರಸ್?

ಓದುಗರ ಪ್ರಶ್ನೆ: ಡಾಕ್ಟ್ರೇ, ನಾವು ದಾವಣಗೆರೆ ಹತ್ತಿರದವರು. ನಮ್ಮ ಯಜಮಾನರಿಗೆ 41 ವರ್ಷ, ಸಿಮೆಂಟ್ ಮತ್ತು ಹಾರ್ಡ್‌ವೇರ್ ಅಂಗಡಿ ಇದೆ. ಕುಡಿಯುವ ಅಭ್ಯಾಸ ಇಲ್ಲ. ಮೂರು ವಾರದ ಹಿಂದೆ ಜ್ವರ ಬಂತು, ಗಂಟಲು ಸ್ವಲ್ಪ ಕೆಂಪಗಿತ್ತು. ಅಮಾಕ್ಸಿಸಿಲಿನ್-ಕ್ಲಾವ್ಯುಲನೇಟ್ ಮಾತ್ರೆ ಕೊಟ್ಟರು. ಐದನೇ ದಿನಕ್ಕೆ ಮೈಯೆಲ್ಲ ಕೆಂಪು ದದ್ದು. ಆಮೇಲೆ ಕಣ್ಣು ಹಳದಿ ಆಯ್ತು. ಬಿಲಿರುಬಿನ್ 5.1, ಎಸ್‌ಜಿಪಿಟಿ 386, ಆಲ್ಕಲೈನ್ ಫಾಸ್ಫಟೇಸ್ 412, ಐಎನ್‌ಆರ್ 1.1. ಹೆಪಟೈಟಿಸ್ ಎ, ಬಿ, ಸಿ, ಇ ಎಲ್ಲ ನೆಗೆಟಿವ್. ಸ್ಕ್ಯಾನಿಂಗ್‌ನಲ್ಲಿ ಗುಲ್ಮ (ಸ್ಪ್ಲೀನ್) 15.2 ಸೆಂಟಿಮೀಟರ್, ಗಾಲ್‌ಬ್ಲಾಡರ್ ಗೋಡೆ ದಪ್ಪ ಅಂತ ಬರೆದಿದ್ದಾರೆ. ಕುತ್ತಿಗೆಯಲ್ಲಿ ಗಂಟುಗಳಿವೆ. ಕೊನೆಗೆ ಇಬಿವಿ ಐಜಿಎಂ ಪಾಸಿಟಿವ್ ಬಂತು. ಇಂಟರ್ನೆಟ್‌ನಲ್ಲಿ ನೋಡಿದರೆ ಇದು ಕ್ಯಾನ್ಸರ್ ವೈರಸ್ ಅಂತಿದೆ, ಮುತ್ತು ಕೊಟ್ಟರೆ ಬರುವ ಕಾಯಿಲೆ ಅಂತಲೂ ಇದೆ. ನೆಂಟರೊಬ್ಬರು ಅದನ್ನು ಓದಿ ಏನೇನೋ ಮಾತಾಡಿದರು. ಒಬ್ಬ ಡಾಕ್ಟರು ಸ್ಟೀರಾಯ್ಡ್ ಕೊಡೋಣ ಅಂತಾರೆ, ಇನ್ನೊಬ್ಬರು ಗಂಟಿನ ಬಯಾಪ್ಸಿ ಅಂತಾರೆ. ನಮ್ಮ ಅತ್ತೆಯವರು ಊರಿಗೆ ಕರ್ಕೊಂಡು ಹೋಗಿ ಸೊಪ್ಪಿನ ಔಷಧಿ ಕುಡಿಸೋಣ ಅಂತಾರೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದಾರೆ. ಏನು ಮಾಡಲಿ?

ಉತ್ತರ: ನೀವು ಕಳಿಸಿದ ಅಂಕಿಗಳಲ್ಲಿ ನಾನು ಮೊದಲು ನೋಡಿದ್ದು ಐಎನ್‌ಆರ್. 1.1 ಅಂದರೆ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ಲಿವರ್ ಸರಿಯಾಗಿಯೇ ತಯಾರು ಮಾಡುತ್ತಿದೆ. ಜನ ಎಸ್‌ಜಿಪಿಟಿ ಅನ್ನುವ ಲಿವರ್ ಎಂಜೈಮ್ ನೋಡಿ ಹೆದರುತ್ತಾರೆ. ಎಸ್‌ಜಿಪಿಟಿ ಹೇಳೋದು ಲಿವರ್ ಕೋಶಗಳಿಗೆ ಏಟು ಬಿದ್ದಿದೆ ಅನ್ನೋದನ್ನು ಮಾತ್ರ. ಲಿವರ್ ಕೆಲಸ ಮಾಡ್ತಿದೆಯಾ ಇಲ್ವಾ ಅನ್ನೋದನ್ನು ಹೇಳೋದು ಐಎನ್‌ಆರ್, ಮತ್ತು ರೋಗಿ ಸ್ಪಷ್ಟವಾಗಿ ಮಾತಾಡ್ತಿದ್ದಾರಾ ಅನ್ನೋದು. ಎರಡೂ ಸರಿಯಿದ್ದರೆ ಇವತ್ತು ರಾತ್ರಿ ನೀವು ನಿದ್ದೆ ಮಾಡಬಹುದು.

ಇಬಿವಿ ಅಂದರೆ ಎಪ್‌ಸ್ಟೈನ್-ಬಾರ್ ವೈರಸ್. 1964ರಲ್ಲಿ ಆಂಟನಿ ಎಪ್‌ಸ್ಟೈನ್, ಇವಾನ್ ಬಾರ್ ಮತ್ತು ಬರ್ಟ್ ಅಚಾಂಗ್ ಇದನ್ನು ಕಂಡುಹಿಡಿದರು. ಅವರಿಗೆ ಇದು ಸಿಕ್ಕಿದ್ದು ಉಗಾಂಡಾದಿಂದ ಬಂದ ಒಂದು ಗೆಡ್ಡೆಯ ತುಣುಕಿನಲ್ಲಿ. ಬರ್ಕಿಟ್ ಲಿಂಫೋಮಾ ಅನ್ನುವ, ಆಫ್ರಿಕಾದ ಮಕ್ಕಳಲ್ಲಿ ಕಾಣುವ ಕ್ಯಾನ್ಸರ್ ಅದು. "ಕ್ಯಾನ್ಸರ್ ವೈರಸ್" ಅನ್ನುವ ಹೆಸರು ಅಂಟಿಕೊಂಡಿದ್ದು ಅಲ್ಲಿಂದಲೇ. ಹೆಸರು ಪೂರ್ತಿ ಸುಳ್ಳಲ್ಲ, ಕೆಲವು ಲಿಂಫೋಮಾಗಳಿಗೂ ಮೂಗಿನ ಹಿಂಭಾಗದ ಒಂದು ಕ್ಯಾನ್ಸರಿಗೂ ಇದರ ನಂಟಿದೆ. ಆದರೆ ಪ್ರಪಂಚದ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಜನರ ಮೈಯಲ್ಲಿ ಈ ವೈರಸ್ ಈಗಾಗಲೇ ಸುಮ್ಮನೆ ಮಲಗಿದೆ. ನನ್ನಲ್ಲೂ ಇರುತ್ತದೆ, ನಿಮ್ಮಲ್ಲೂ ಇರುತ್ತದೆ, ಮಾತಾಡಿದ ಆ ನೆಂಟರಲ್ಲೂ. ಅವರಲ್ಲಿ ಕ್ಯಾನ್ಸರ್ ಆಗೋದು ತೀರಾ ಕೆಲವೇ ಜನಕ್ಕೆ.

ಹಾಗಿದ್ದರೆ ನಿಮ್ಮ ಯಜಮಾನರಿಗೆ ಮಾತ್ರ ಯಾಕೆ ಇಷ್ಟು ಜೋರಾಗಿ ಬಂತು? ನಮ್ಮ ದೇಶದಲ್ಲಿ ಬಹುಪಾಲು ಜನಕ್ಕೆ ಈ ಸೋಂಕು ತಗಲೋದು ಚಿಕ್ಕ ಮಕ್ಕಳಾಗಿದ್ದಾಗ, ತಿಂಡಿ ಹಂಚಿಕೊಂಡು, ಒಂದೇ ಲೋಟ ಬಾಯಿಗಿಟ್ಟುಕೊಂಡು, ಅಜ್ಜಿ ತನ್ನ ತಟ್ಟೆಯಿಂದ ತುತ್ತು ತಿನ್ನಿಸಿ. ಆ ವಯಸ್ಸಲ್ಲಿ ಎರಡು ದಿನದ ನೆಗಡಿ ಜ್ವರದ ಹಾಗೆ ಬಂದು ಹೋಗಿಬಿಡುತ್ತದೆ, ಯಾರಿಗೂ ಗೊತ್ತಾಗೋದಿಲ್ಲ. ಆಗ ತಪ್ಪಿಸಿಕೊಂಡವರಿಗೆ ದೊಡ್ಡವರಾದ ಮೇಲೆ ಬಂದರೆ ಜೋರು. ಹದಿಹರೆಯದವರಿಗೆ ಗಂಟಲು ಕಿತ್ತುಹೋಗುವಷ್ಟು ನೋವು, ಕುತ್ತಿಗೆ ಗಂಟು, ಸುಸ್ತು. ನಲವತ್ತರ ಆಸುಪಾಸಿನವರಲ್ಲಿ ಚಿತ್ರವೇ ಬೇರೆ: ಗಂಟಲು ನೋವು ಕಡಿಮೆ, ಜ್ವರ ಮಾತ್ರ ವಾರಗಟ್ಟಲೆ, ಕಾಮಾಲೆ ಜಾಸ್ತಿ. ಹಾಗಾಗಿಯೇ ಇದನ್ನು ಬೇಗ ಗುರುತಿಸೋದು ಕಷ್ಟ. ನಮ್ಮ ಕಡೆ ಜ್ವರದ ಜೊತೆ ಕಾಮಾಲೆ ಅಂದರೆ ಮೊದಲು ಇಲಿಜ್ವರ, ಡೆಂಗಿ, ಮಲೇರಿಯಾ, ಸ್ಕ್ರಬ್ ಟೈಫಸ್ ಕಡೆಗೇ ತಲೆ ಓಡುತ್ತದೆ. ಓಡಲೂಬೇಕು, ಡೆಂಗಿ ಬಿಟ್ಟು ಉಳಿದವುಗಳಿಗೆ ತಕ್ಷಣ ಕೊಡುವ ಔಷಧಿ ಇದೆ.

ಮುತ್ತಿನ ವಿಷಯಕ್ಕೆ ಬರೋಣ, ನಿಮಗೆ ನೋವು ಕೊಟ್ಟಿರೋದು ಅದೇ ಅಂತ ಕಾಣುತ್ತದೆ. ಇದು ಎಂಜಲಿನಿಂದ ಹರಡುವ ವೈರಸ್. ಪಶ್ಚಿಮದ ಕಾಲೇಜು ಹುಡುಗ ಹುಡುಗಿಯರಲ್ಲಿ ಹೆಚ್ಚು ಕಂಡಿದ್ದರಿಂದ ಅಲ್ಲಿ "ಮುತ್ತಿನ ಕಾಯಿಲೆ" ಅನ್ನುವ ಹೆಸರು ಬಂತು. ಅಂಗಡಿಯಲ್ಲಿ ಹತ್ತು ಜನ ಮುಟ್ಟುವ ನೀರಿನ ಬಾಟಲಿಯೂ ಎಂಜಲೇ, ಮಗಳು ಅರ್ಧ ಕಚ್ಚಿ ಅಪ್ಪನ ಬಾಯಿಗಿಟ್ಟ ಚಾಕೊಲೇಟೂ ಎಂಜಲೇ. ವೈರಸ್ ಒಳಗೆ ಹೋಗಿ ಕಾಯಿಲೆ ಕಾಣಿಸೋಕೆ ನಾಲ್ಕರಿಂದ ಆರು ವಾರ ಬೇಕು. ಒಮ್ಮೆ ಸೋಂಕಾದವರ ಎಂಜಲಲ್ಲಿ, ಅವರು ಆರೋಗ್ಯವಾಗಿದ್ದರೂ, ಆಗಾಗ ವೈರಸ್ ಹೊರಗೆ ಬರುತ್ತಲೇ ಇರುತ್ತದೆ. ಹಾಗಾಗಿ ಎಲ್ಲಿಂದ ಬಂತು ಅಂತ ಯಾರಿಂದಲೂ ಹೇಳೋಕಾಗಲ್ಲ. ಈ ರಿಪೋರ್ಟ್ ಹಿಡಿದು ಯಾರ ನಡತೆಯನ್ನೂ ಅಳೆಯೋಕೆ ಬರೋದಿಲ್ಲ ಅಂತ ಆ ನೆಂಟರಿಗೆ ನನ್ನ ಹೆಸರಲ್ಲೇ ಹೇಳಿಬಿಡಿ.

ಇನ್ನು ಲಿವರ್. ಹೆಪಟೈಟಿಸ್ ಎ ಅಥವಾ ಇ ವೈರಸ್ ಲಿವರ್ ಕೋಶದ ಒಳಗೇ ಮನೆ ಮಾಡುತ್ತದೆ. ಅದಕ್ಕೇ ಅಲ್ಲಿ ಎಸ್‌ಜಿಪಿಟಿ ಎಷ್ಟೋ ಸಲ ಸಾವಿರ ದಾಟುತ್ತದೆ. ಇಬಿವಿಗೆ ಬೇಕಿರೋದು ಬಿ-ಲಿಂಫೋಸೈಟ್ ಅನ್ನುವ ಬಿಳಿ ರಕ್ತಕಣ. ಸೋಂಕಾದ ಆ ಕಣಗಳನ್ನು ಕೊಲ್ಲೋಕೆ ದೇಹ ಟಿ-ಕಣಗಳ ದಂಡನ್ನೇ ಕಳಿಸುತ್ತದೆ. ಆ ದಂಡು ಲಿವರ್, ಗುಲ್ಮ, ಗಂಟುಗಳಿಗೆಲ್ಲ ನುಗ್ಗುತ್ತದೆ. ಕಳ್ಳನನ್ನು ಹಿಡಿಯೋಕೆ ಬಂದ ಪೊಲೀಸರೇ ಮನೆ ಸಾಮಾನು ಒಡೆದ ಹಾಗೆ, ಲಿವರ್‌ಗೆ ಆಗುವ ಹಾನಿಯಲ್ಲಿ ದೊಡ್ಡ ಪಾಲು ನಮ್ಮದೇ ಕಣಗಳದ್ದು. ಇಬಿವಿ ಜ್ವರ ಬಂದ ಹತ್ತರಲ್ಲಿ ಎಂಟು-ಒಂಬತ್ತು ಜನರಲ್ಲಿ ಲಿವರ್ ಎಂಜೈಮ್ ಸ್ವಲ್ಪವಾದರೂ ಏರುತ್ತದೆ. ಕಣ್ಣು ಹಳದಿಯಾಗುವಷ್ಟು ಆಗೋದು ಮಾತ್ರ ನೂರಕ್ಕೆ ಐದರ ಆಸುಪಾಸು. ಸಾಮಾನ್ಯವಾಗಿ ಎರಡನೇ ವಾರದಲ್ಲಿ ಏರಿ, ಆಮೇಲೆ ತಾನಾಗೇ ಇಳಿಯುತ್ತಾ ಹೋಗುತ್ತದೆ. ಹೆಚ್ಚಿನವರಲ್ಲಿ ಒಂದೆರಡು ತಿಂಗಳಲ್ಲಿ ಪೂರ್ತಿ ಸರಿ. ಹೆಪಟೈಟಿಸ್ ಬಿ ಅಥವಾ ಸಿ ಥರ ಇದು ಲಿವರ್‌ನಲ್ಲಿ ಖಾಯಂ ಕೂತು ಸಿರೋಸಿಸ್ (ಲಿವರ್ ಗಾಯಗಟ್ಟಿ ಗಟ್ಟಿಯಾಗೋದು) ಮಾಡೋದಿಲ್ಲ. ಲಿವರ್ ಪೂರ್ತಿ ಕೈಕೊಡೋದು ತೀರಾ ಅಪರೂಪ: ದಿಢೀರ್ ಲಿವರ್ ವೈಫಲ್ಯ ಆದವರನ್ನು ದಾಖಲಿಸಿದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ 1,887 ರೋಗಿಗಳ ಪೈಕಿ ಇಬಿವಿಯಿಂದ ಆದವರು 4 ಜನ.

ಗಾಲ್‌ಬ್ಲಾಡರ್ ಗೋಡೆ ದಪ್ಪ ಅಂತ ಬಂದಿರೋದೂ ಇದೇ ಉರಿಯೂತದ ಭಾಗ. ಕಲ್ಲಿಲ್ಲದಿದ್ದರೆ ಅದಕ್ಕೆ ಆಪರೇಷನ್ ಬೇಕಿಲ್ಲ. ಯಾರಾದರೂ ಆತುರಪಡಿಸಿದರೆ "ಇಬಿವಿ ಪಾಸಿಟಿವ್ ಇದೆ" ಅಂತ ಮೊದಲು ಹೇಳಿ.

ಆದರೆ ಒಂದು ಅನುಮಾನ ಇಟ್ಟುಕೊಂಡೇ ಇರಬೇಕು. ನಿಮ್ಮ ರಿಪೋರ್ಟ್‌ನಲ್ಲಿ ಆಲ್ಕಲೈನ್ ಫಾಸ್ಫಟೇಸ್ ಕೂಡ ಚೆನ್ನಾಗಿ ಏರಿದೆ, ಅಂದರೆ ಪಿತ್ತ ಹರಿಯೋದಕ್ಕೆ ಅಡ್ಡಿಯಾಗಿದೆ. ಇಬಿವಿಯಲ್ಲಿ ಹೀಗಾಗುತ್ತದೆ. ಅವರು ತಗೊಂಡ ಅಮಾಕ್ಸಿಸಿಲಿನ್-ಕ್ಲಾವ್ಯುಲನೇಟ್ ಮಾತ್ರೆಯಿಂದಲೂ ಇದೇ ಥರದ ಕಾಮಾಲೆ ಬರಬಹುದು, ಕೆಲವು ಸಲ ಕೋರ್ಸ್ ಮುಗಿದು ವಾರಗಳಾದ ಮೇಲೆ. ಇಬ್ಬರಲ್ಲಿ ಯಾರ ಕೈವಾಡ ಎಷ್ಟು ಅಂತ ಈಗ ಬೇರ್ಪಡಿಸೋದು ಕಷ್ಟ. ಮಾಡಬೇಕಾದ್ದು ಸುಲಭ: ಆ ಮಾತ್ರೆ ನಿಲ್ಲಿಸಿದ್ದೀರಲ್ಲ, ಮತ್ತೆ ಶುರು ಮಾಡಬೇಡಿ, ಹೆಸರನ್ನು ಫೈಲಿನ ಮೊದಲ ಪುಟದಲ್ಲಿ ಬರೆದಿಡಿ. ಆ ದದ್ದಿನ ವಿಷಯ ಬೇರೆ. ಇಬಿವಿ ಇರುವಾಗ ಪೆನಿಸಿಲಿನ್ ಜಾತಿಯ ಅಮಾಕ್ಸಿಸಿಲಿನ್ ಕೊಟ್ಟರೆ ಮೈಮೇಲೆ ದದ್ದು ಬರೋದು ಎಲ್ಲ ವೈದ್ಯರಿಗೂ ಗೊತ್ತಿರುವ ಸಂಗತಿ. ಜೀವಮಾನದ ಪೆನಿಸಿಲಿನ್ ಅಲರ್ಜಿ ಅಂತ ಅದನ್ನು ನೋಡಿ ತೀರ್ಮಾನ ಮಾಡೋಕಾಗಲ್ಲ. ಆರಾಮಾದ ಮೇಲೆ ಅಲರ್ಜಿ ಟೆಸ್ಟ್ ಮಾಡಿಸಿ ನೋಡಬಹುದು.

ಕಾಯಿಲೆಯನ್ನು ಖಚಿತ ಮಾಡಿಕೊಳ್ಳೋಕೆ ಎರಡು-ಮೂರು ಟೆಸ್ಟ್ ಬಾಕಿ ಇವೆ. ಐಜಿಎಂ ಅಂದರೆ ಸೋಂಕು ಹೊಸದಾಗಿ ಆದಾಗ ಮೊದಲು ಹುಟ್ಟುವ ಪ್ರತಿಕಾಯ; ಬರೀ ಅದು ಪಾಸಿಟಿವ್ ಅನ್ನೋದನ್ನು ನಾನು ಪೂರ್ತಿ ನಂಬಲ್ಲ. ಸೈಟೊಮೆಗಾಲೊವೈರಸ್ ಅಂತ ಇದರ ನೆಂಟ ವೈರಸ್ ಒಂದಿದೆ, ಅದು ಬಂದಾಗಲೂ ಇಬಿವಿ ಐಜಿಎಂ ಸುಳ್ಳು ಪಾಸಿಟಿವ್ ಬರೋದುಂಟು. ಇಬಿಎನ್‌ಎ ಐಜಿಜಿ ಅಂತ ಕೇಳಿ ಮಾಡಿಸಿ. ಈ ಪ್ರತಿಕಾಯ ಹುಟ್ಟೋಕೆ ಕಾಯಿಲೆ ಶುರುವಾಗಿ ಸಾಮಾನ್ಯವಾಗಿ ಆರು ವಾರಕ್ಕಿಂತ ಜಾಸ್ತಿ ಬೇಕು. ಹಾಗಾಗಿ ಮೂರು ವಾರದಲ್ಲಿ ಅದು ನೆಗೆಟಿವ್ ಇದ್ದರೆ "ಹೊಸ ಇಬಿವಿ ಸೋಂಕು" ಅನ್ನೋದು ಗಟ್ಟಿಯಾಗುತ್ತದೆ. ಈಗಲೇ ಪಾಸಿಟಿವ್ ಇದ್ದರೆ ಅವರಿಗೆ ಇಬಿವಿ ಬಂದು ಹೋಗಿ ಬಹಳ ಕಾಲ ಆಗಿದೆ ಅಂತ ಅರ್ಥ, ಕಾಮಾಲೆಗೆ ಬೇರೆ ಕಾರಣ ಹುಡುಕಬೇಕು. ಜೊತೆಗೆ ಪೆರಿಫೆರಲ್ ಸ್ಮಿಯರ್ (ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿ ನೋಡುವ ಟೆಸ್ಟ್) ಮಾಡಿಸಿ. ಅನುಭವ ಇರುವ ಪೆಥಾಲಜಿಸ್ಟ್ ಗಾಜಿನ ಮೇಲೆ ಆ ಉಬ್ಬಿದ, ಅಂಕುಡೊಂಕು ಲಿಂಫೋಸೈಟ್‌ಗಳನ್ನು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಇನ್ನೊಂದು ಟೆಸ್ಟ್ ಹೇಳಿದರೆ ಬೇಜಾರು ಮಾಡ್ಕೋಬೇಡಿ: ಎಚ್‌ಐವಿ. ಅದು ಹೊಸದಾಗಿ ತಗಲಿದಾಗಲೂ ಜ್ವರ, ಗಂಟು, ದದ್ದು ಹೀಗೇ ಇರುತ್ತದೆ. ಈ ಲಕ್ಷಣ ಇಟ್ಟುಕೊಂಡು ಬಂದ ಯಾರಿಗೇ ಆದರೂ ನಾನು ಇದನ್ನು ಬರೆಯುತ್ತೇನೆ, ಅನುಮಾನದಿಂದ ಅಲ್ಲ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ (ಎಚ್‌ಐವಿ ಸಲಹೆ ಮತ್ತು ಪರೀಕ್ಷೆ) ಕೇಂದ್ರದಲ್ಲಿ ಉಚಿತ, ಗುಟ್ಟಾಗಿಯೂ ಇಡುತ್ತಾರೆ.

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನಿಂದಲೂ ಅಪರೂಪಕ್ಕೆ ಲಿವರ್ ಉರಿಯೂತ ಬರುತ್ತದೆ. ಅದನ್ನು ಇದರ ಜೊತೆ ಗೊಂದಲ ಮಾಡ್ಕೋಬಾರದು. ಅಲ್ಲಿ ಎಂಜೈಮ್ ಸಾವಿರಗಟ್ಟಲೆ ಇರುತ್ತದೆ, ಕಣ್ಣು ಅಷ್ಟು ಹಳದಿ ಇರಲ್ಲ, ಐಎನ್‌ಆರ್ ಏರುತ್ತಿರುತ್ತದೆ. ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಹಾಗೇನಾದರೂ ಕಂಡರೆ ರಿಪೋರ್ಟಿಗೂ ಕಾಯದೆ ಅಸೈಕ್ಲೊವಿರ್ ಅನ್ನುವ ವೈರಸ್ ನಿರೋಧಕ ಇಂಜೆಕ್ಷನ್ ಶುರು ಮಾಡುತ್ತೇವೆ. ನಿಮ್ಮ ಯಜಮಾನರ ಅಂಕಿಗಳು ಹಾಗಿಲ್ಲ.

ಈಗ ಚಿಕಿತ್ಸೆ. ನನ್ನ ಮಟ್ಟಿಗೆ ಮೊದಲ ಆಯ್ಕೆ ಏನೂ ಸೇರಿಸದೆ ಕಾಯೋದು. ಕೇಳೋಕೆ ಸೋಮಾರಿತನದ ಥರ ಇದೆ, ಅಲ್ವಾ? ಆದರೆ ಇಳಿಯುತ್ತಿರುವ ಕಾಯಿಲೆಯ ಮೇಲೆ ಔಷಧಿ ಪೇರಿಸಿದರೆ, ನಾಳೆ ಎಂಜೈಮ್ ಏರಿದಾಗ ಯಾವುದಕ್ಕೆ ಏರಿತು ಅಂತ ಯಾರಿಗೂ ಗೊತ್ತಾಗಲ್ಲ. ವಾರಕ್ಕೊಮ್ಮೆ ಲಿವರ್ ಟೆಸ್ಟ್, ಐಎನ್‌ಆರ್, ಸಿಬಿಸಿ (ರಕ್ತಕಣಗಳ ಎಣಿಕೆ). ಸತತ ಎರಡು ಸಲ ಇಳಿದರೆ ಆಮೇಲೆ ತಿಂಗಳಿಗೊಮ್ಮೆ ಸಾಕು. ಬಿಲಿರುಬಿನ್‌ನಲ್ಲಿ ಡೈರೆಕ್ಟ್ ಎಷ್ಟು, ಇನ್‌ಡೈರೆಕ್ಟ್ ಎಷ್ಟು ಅಂತಲೂ ನೋಡಿಸಿ. ಕೆಲವೊಮ್ಮೆ ಈ ವೈರಸ್ ಕೆಂಪು ರಕ್ತಕಣಗಳನ್ನೂ ಒಡೆಸುತ್ತದೆ, ಆಗ ಇನ್‌ಡೈರೆಕ್ಟ್ ಜಾಸ್ತಿ ಇರುತ್ತದೆ, ಹಿಮೋಗ್ಲೋಬಿನ್ ಇಳಿಯುತ್ತದೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡಬಹುದು, ಹೆದರಬೇಡಿ, ಆದರೆ ದಿನಕ್ಕೆ 2 ಗ್ರಾಂ ದಾಟಬಾರದು. 650ರ ಮಾತ್ರೆ ಆದರೆ ಮೂರು. ನೆಗಡಿ ಮಾತ್ರೆಗಳಲ್ಲೂ ಪ್ಯಾರಾಸಿಟಮಾಲ್ ಬೆರೆಸಿರುತ್ತಾರೆ, ಸ್ಟ್ರಿಪ್ ತಿರುಗಿಸಿ ಓದಿ.

ಅಸೈಕ್ಲೊವಿರ್ ಕೊಟ್ಟರೆ ಗಂಟಲಿನಲ್ಲಿ ವೈರಸ್ ಕಡಿಮೆಯಾಗುತ್ತದೆ, ಕಾಯಿಲೆ ಬೇಗ ಹೋಗೋದಿಲ್ಲ. ದುಡ್ಡು ಖರ್ಚು, ಅಷ್ಟೇ.

ಸ್ಟೀರಾಯ್ಡ್ ಬಗ್ಗೆ ನಾನು ಬಿಗಿ. ಕೊಟ್ಟ ಮರುದಿನ ಜ್ವರ ಇಳಿದು ರೋಗಿ ಎದ್ದು ಕೂರುತ್ತಾರೆ, ಮನೆಯವರಿಗೆಲ್ಲ ಖುಷಿ, ಅದೇ ಅದರ ಅಪಾಯ. ಟಾನ್ಸಿಲ್ ಊದಿ ಉಸಿರಾಟಕ್ಕೆ ಅಡ್ಡಿಯಾದರೆ, ಕೆಂಪು ಕಣ ಅಥವಾ ಪ್ಲೇಟ್‌ಲೆಟ್ ವಿಪರೀತ ಇಳಿದರೆ, ಅಥವಾ ಎಚ್‌ಎಲ್‌ಎಚ್ ಅನ್ನುವ ರೋಗನಿರೋಧಕ ಬಿರುಗಾಳಿ ಎದ್ದರೆ ಬೇಕು. ಸುಮ್ನೆ ಸುಸ್ತು, ಜ್ವರ, ಕಾಮಾಲೆ ಅಂತ ಬೇಡ. ಕುತ್ತಿಗೆ ಗಂಟು ಒಂದು ವೇಳೆ ಲಿಂಫೋಮಾ ಆಗಿದ್ದರೆ ಸ್ಟೀರಾಯ್ಡ್ ಅದನ್ನು ಕುಗ್ಗಿಸಿ ಮರೆಮಾಚಿಬಿಡುತ್ತದೆ, ಆಮೇಲೆ ಬಯಾಪ್ಸಿ ಮಾಡಿದರೂ ಉತ್ತರ ಸಿಗದೇ ಹೋಗಬಹುದು. ನಿಮ್ಮ ಡಾಕ್ಟರು ಯಾವ ಕಾರಣಕ್ಕೆ ಹೇಳ್ತಿದ್ದಾರೆ ಅಂತ ಒಂದು ಮಾತು ಕೇಳಿ. ಕಾರಣ ಈ ಮೂರರಲ್ಲಿ ಒಂದಾದರೆ ಕೊಡಲಿ.

ಬಯಾಪ್ಸಿ ಈಗ ಮಾಡಿಸಿದರೆ ಇನ್ನೊಂದು ತೊಂದರೆ ಇದೆ. ಇಬಿವಿಯಿಂದ ಊದಿದ ಗಂಟನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹಾಡ್‌ಕಿನ್ ಲಿಂಫೋಮಾದಲ್ಲಿ ಕಾಣುವಂಥ ಕೋಶಗಳೇ ಕಾಣಬಹುದು. ಇಬಿವಿ ವಿಷಯ ಪೆಥಾಲಜಿಸ್ಟ್‌ಗೆ ಗೊತ್ತಿಲ್ಲದಿದ್ದರೆ ಇಲ್ಲದ ಕ್ಯಾನ್ಸರ್ ರಿಪೋರ್ಟ್ ಆದೀತು. ಇಬಿಎನ್‌ಎ ನೆಗೆಟಿವ್ ಬಂದು, ಗಂಟು ಮೆತ್ತಗಿದ್ದು, ಮುಟ್ಟಿದರೆ ನೋವಾಗುತ್ತಿದ್ದರೆ ನಾನು ನಾಲ್ಕರಿಂದ ಆರು ವಾರ ಕಾಯುತ್ತೇನೆ. ಕುಗ್ಗದೆ ಗಟ್ಟಿಯಾಗುತ್ತಾ ಬೆಳೆದರೆ, ತೂಕ ಇಳಿಯುತ್ತಾ ಹೋದರೆ ಆಗ ತೆಗೆಸಲೇಬೇಕು. ಸೂಜಿ ಚುಚ್ಚಿ ಅಲ್ಲ, ಇಡೀ ಗಂಟು. ಲಿವರ್ ಬಯಾಪ್ಸಿ ಸದ್ಯಕ್ಕೆ ಬೇಕಿಲ್ಲ. ಎಂಜೈಮ್ ಮೂರು ತಿಂಗಳಾದರೂ ಇಳಿಯದಿದ್ದರೆ ಆಟೊಇಮ್ಯೂನ್ ಹೆಪಟೈಟಿಸ್ (ನಮ್ಮ ರೋಗನಿರೋಧಕ ಶಕ್ತಿಯೇ ಲಿವರ್ ಮೇಲೆ ದಾಳಿ ಮಾಡುವ ಕಾಯಿಲೆ) ಇದೆಯಾ ಅಂತ ನೋಡಬೇಕಾಗುತ್ತದೆ, ಆಗ ಯೋಚಿಸೋಣ.

ಅತ್ತೆಯವರ ಮಾತಿಗೆ ಬರ್ತೀನಿ. ಕಾಮಾಲೆಗೆ ನಾಟಿ ಔಷಧಿ ಅನ್ನೋದು ನಮ್ಮಲ್ಲಿ ಎಷ್ಟು ಬೇರು ಬಿಟ್ಟಿದೆ ಅಂದರೆ ಅದನ್ನು ಬೈದು ಪ್ರಯೋಜನ ಇಲ್ಲ. ಕಾಮಾಲೆ ಬಂದವರಲ್ಲಿ ಹೆಚ್ಚಿನವರದ್ದು ಹೆಪಟೈಟಿಸ್ ಎ ಥರ ತಾನಾಗೇ ಹೋಗುವಂಥದ್ದು. ಮೂರನೇ ವಾರದಲ್ಲಿ ಸೊಪ್ಪಿನ ರಸ ಕುಡಿದರೂ ಇಳಿಯುತ್ತದೆ, ಕುಡಿಯದಿದ್ದರೂ ಇಳಿಯುತ್ತದೆ, ಹೆಸರು ಮಾತ್ರ ಸೊಪ್ಪಿಗೆ. ನೆಲನೆಲ್ಲಿ ರಸ ಒಂದು ಗುಟುಕು ಕುಡಿದವರಿಗೆಲ್ಲ ಏನೋ ಆಗಿಬಿಡುತ್ತದೆ ಅಂತ ನಾನು ಹೇಳಲ್ಲ. ಆದರೆ ಆ ಲೋಟದಲ್ಲಿ ಏನೇನು ಅರೆದಿದ್ದಾರೆ ಅಂತ ಕೊಡುವವರು ಹೇಳೋದಿಲ್ಲ, ಊದಿರುವ ಲಿವರ್‌ಗೆ ಈಗ ಹೊಸ ಪರೀಕ್ಷೆ ಬೇಡ. ಒಳ್ಳೇದು ಅಂತ ಎಲ್ಲರೂ ಕುಡಿದ ಅಮೃತಬಳ್ಳಿಯಿಂದಲೇ ಕೋವಿಡ್ ಸಮಯದಲ್ಲಿ ಲಿವರ್ ಕೆಟ್ಟವರ ಬಗ್ಗೆ 2021ರಲ್ಲಿ ಮುಂಬೈ ವೈದ್ಯರು ವರದಿ ಮಾಡಿದರು. ಮೂಗಿಗೆ ಹನಿ ಬಿಟ್ಟು ಹಳದಿ ನೀರು ಇಳಿಸೋದು, ಕೈಗೆ ಬರೆ ಹಾಕೋದು ಇವೆರಡಕ್ಕಂತೂ ಖಂಡಿತ ಒಪ್ಪಬೇಡಿ. ಪಥ್ಯದ ಹೆಸರಲ್ಲಿ ಎಣ್ಣೆ, ಉಪ್ಪು, ಬೇಳೆ ಎಲ್ಲ ಬಿಡಿಸಿ ಬರೀ ಗಂಜಿ, ಕಬ್ಬಿನ ಹಾಲು ಕೊಡೋದೂ ಬೇಡ. ರುಚಿಸಿದ್ದನ್ನು ತಿನ್ನಲಿ: ಅನ್ನ, ಸಾರು, ಮುದ್ದೆ, ಮೊಸರು, ಮೊಟ್ಟೆ. ಜಿಡ್ಡು ಜಾಸ್ತಿಯಾದರೆ ಅವರಿಗೇ ವಾಕರಿಕೆ ಬರುತ್ತದೆ, ತಾವೇ ಬಿಡುತ್ತಾರೆ. ಅತ್ತೆಯವರಿಗೆ ಏನಾದರೂ ಮಾಡಬೇಕು ಅನ್ನಿಸೋದು ಸಹಜ. ಎರಡು ಗಂಟೆಗೊಮ್ಮೆ ಅವರೇ ಮಗನಿಗೆ ಸ್ವಲ್ಪ ಸ್ವಲ್ಪ ಊಟ ಕೊಡಲಿ, ಹಸಿವೇ ಇಲ್ಲದ ಈ ಕಾಯಿಲೆಯಲ್ಲಿ ಅದು ನಿಜವಾಗಿ ಬೇಕಾದ ಕೆಲಸ.

ನೀವು ಕೇಳದೇ ಇದ್ದ ವಿಷಯವೊಂದು ಉಳಿದಿದೆ. ನನಗೆ ನಿಮ್ಮ ಪತ್ರದಲ್ಲಿ ಲಿವರ್‌ಗಿಂತ ಹೆಚ್ಚು ಆತಂಕ ಕೊಟ್ಟಿದ್ದು ಗುಲ್ಮ ಮತ್ತು ಸಿಮೆಂಟ್ ಅಂಗಡಿ. ಎಡಗಡೆ ಪಕ್ಕೆಲುಬಿನ ಕೆಳಗೆ ಅಡಗಿ ಕೂತಿರುವ ಗುಲ್ಮ ಸಾಮಾನ್ಯವಾಗಿ 12 ಸೆಂಟಿಮೀಟರ್ ಒಳಗಿರುತ್ತದೆ. ಅವರದ್ದು 15 ದಾಟಿದೆ. ಊದಿದ ಗುಲ್ಮದ ಪೊರೆ ಬಿಗಿಯಾಗಿ, ತೆಳ್ಳಗಾಗಿರುತ್ತದೆ. ಏಟು ಬಿದ್ದರೆ, ಭಾರ ಎತ್ತಿದರೆ, ಕೆಲವೊಮ್ಮೆ ಏನೂ ಮಾಡದೆಯೂ ಅದು ಒಡೆಯಬಹುದು. ಇಬಿವಿ ಬಂದ ಸಾವಿರ ಜನರಲ್ಲಿ ಒಬ್ಬರಿಂದ ಐದು ಜನಕ್ಕೆ ಹೀಗಾಗುತ್ತದೆ, ಹೆಚ್ಚಾಗಿ ಮೊದಲ ಮೂರು-ನಾಲ್ಕು ವಾರದಲ್ಲಿ. ಕಡಿಮೆ ಅನ್ನಿಸಬಹುದು, ಆದರೆ ಒಡೆದರೆ ಹೊಟ್ಟೆಯೊಳಗೆ ರಕ್ತ ಸುರಿಯುತ್ತದೆ. 50 ಕೆ.ಜಿ. ಸಿಮೆಂಟ್ ಮೂಟೆ ಬೇಡವೇ ಬೇಡ, ಶಟರ್ ಎಳೆಯೋದೂ ಬೇಡ, ಮಕ್ಕಳು ಅಪ್ಪನ ಹೊಟ್ಟೆ ಮೇಲೆ ಹಾರಿ ಕೂರೋದೂ ಬೇಡ. ಹಂಪ್ ತುಂಬಿದ ರಸ್ತೆಯಲ್ಲಿ ಬೈಕ್ ಪ್ರಯಾಣ ಸದ್ಯ ನಿಲ್ಲಲಿ. ಮಲಬದ್ಧತೆ ಆಗದ ಹಾಗೆ ನೋಡಿಕೊಳ್ಳಿ, ತಿಣುಕುವಾಗಲೂ ಒತ್ತಡ ಬೀಳುತ್ತದೆ. ಇನ್ನು ನಾಲ್ಕು ವಾರ ಆದ ಮೇಲೆ ಸ್ಕ್ಯಾನ್ ಮಾಡಿಸಿ, ಗುಲ್ಮ ಇಳಿದಿದ್ದರೆ ಆಗ ಮೂಟೆಯ ಮಾತು. ಗಲ್ಲಾ ಮೇಲೆ ಕೂತು ಲೆಕ್ಕ ಬರೆಯೋದಾದರೆ ಜ್ವರ ಬಿಟ್ಟು ಮೈಯಲ್ಲಿ ಶಕ್ತಿ ಬಂದ ದಿನವೇ ಹೋಗಬಹುದು. ಸುಸ್ತು ಮಾತ್ರ ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ರಿಪೋರ್ಟ್ ಎಲ್ಲ ನಾರ್ಮಲ್ ಬಂದ ಮೇಲೂ ಮಧ್ಯಾಹ್ನ ಮಲಗಿದರೆ ಸೋಮಾರಿ ಅಂದ್ಕೋಬೇಡಿ.

ಎಡ ಪಕ್ಕೆಯಲ್ಲಿ ದಿಢೀರ್ ನೋವು, ಎಡ ಭುಜದ ತುದಿಯಲ್ಲಿ ಕಾರಣವಿಲ್ಲದ ನೋವು, ತಲೆಸುತ್ತಿ ಬೆವರೋದು: ಇವುಗಳಲ್ಲಿ ಯಾವುದಾದರೂ ಕಂಡರೆ ನಾಳೆ ಬೆಳಗ್ಗೆ ನೋಡೋಣ ಅನ್ನಬೇಡಿ, ಆಪರೇಷನ್ ಸೌಲಭ್ಯ ಇರುವ ಆಸ್ಪತ್ರೆಗೆ ಆಗಲೇ ಹೊರಡಿ. ಹಾಗೇ, ಹಗಲೆಲ್ಲ ಮಂಕಾಗಿ ಮಲಗಿ ರಾತ್ರಿ ಎಚ್ಚರವಾಗಿರೋದು, ತೊದಲೋದು, ಒಸಡಿನಲ್ಲಿ ರಕ್ತ, ನಿಲ್ಲದ ವಾಂತಿ, ಐಎನ್‌ಆರ್ 1.5 ಮುಟ್ಟೋದು, ಇವು ಲಿವರ್ ಸೋಲುತ್ತಿರುವ ಗುರುತು. ಲಿವರ್ ಕಸಿ ಮಾಡುವ ಕೇಂದ್ರದ ಜೊತೆ ಅವತ್ತೇ ಮಾತಾಡಬೇಕು. ಜ್ವರ ಇಳಿಯದೆ ಬಿಳಿ ಕಣ, ಕೆಂಪು ಕಣ, ಪ್ಲೇಟ್‌ಲೆಟ್ ಒಟ್ಟೊಟ್ಟಿಗೆ ಕುಸಿಯುತ್ತಿದ್ದರೆ ಫೆರಿಟಿನ್ ಅನ್ನುವ ರಕ್ತಪರೀಕ್ಷೆ ಮಾಡಿಸಿ ಅಂತ ಕೇಳಿ. ಅದು ಸಾವಿರಗಟ್ಟಲೆ ಇದ್ದರೆ ಮೇಲೆ ಹೇಳಿದ ಎಚ್‌ಎಲ್‌ಎಚ್ ಇರಬಹುದು. ನಾನು ಇಲ್ಲಿ ಕೂತು ಹೊಟ್ಟೆ ಮುಟ್ಟಿ ನೋಡೋಕಾಗಲ್ಲ, ಇಂಥ ಸಮಯದಲ್ಲಿ ಎದುರಿಗಿರುವ ಡಾಕ್ಟರ ಮಾತೇ ಕೊನೆ.

ಮಕ್ಕಳನ್ನು ಬೇರೆ ಮನೆಗೆ ಕಳಿಸೋದು ಬೇಡ. ಅವರಿಗೆ ಈಗಾಗಲೇ ಬಂದು ಹೋಗಿರೋ ಸಾಧ್ಯತೆಯೇ ಹೆಚ್ಚು, ಬಂದಿಲ್ಲದಿದ್ದರೂ ಚಿಕ್ಕ ವಯಸ್ಸಲ್ಲಿ ಬಂದರೆ ಹಗುರ. ಒಂದೇ ರೂಮಿನಲ್ಲಿ ಮಲಗಬಹುದು, ಬಟ್ಟೆ ಒಟ್ಟಿಗೆ ಒಗೆಯಬಹುದು. ಲೋಟ, ಚಮಚ, ಟೂತ್‌ಬ್ರಷ್ ಅವರವರದ್ದಿರಲಿ, ನೀರು ಎತ್ತಿ ಕುಡಿಯುವ ಪದ್ಧತಿ ಮನೆಯಲ್ಲಿದ್ದರೆ ಅದನ್ನೇ ಮುಂದುವರಿಸಿ. ಮನೆಯಲ್ಲಿ ಯಾರಾದರೂ ಕಿಡ್ನಿ ಕಸಿ ಮಾಡಿಸಿಕೊಂಡವರು ಅಥವಾ ಕ್ಯಾನ್ಸರಿಗೆ ಕೀಮೊ ತಗೊಳ್ಳುತ್ತಿರುವವರು ಇದ್ದರೆ ಮಾತ್ರ ಅವರ ಡಾಕ್ಟರಿಗೆ ಒಂದು ಮಾತು ತಿಳಿಸಿ. ರಕ್ತದಾನ ಮಾಡುವ ಅಭ್ಯಾಸ ನಿಮ್ಮ ಯಜಮಾನರಿಗಿದ್ದರೆ ಸದ್ಯ ನಿಲ್ಲಿಸಲಿ. ಮತ್ತೆ ಯಾವಾಗ ಕೊಡಬಹುದು ಅಂತ ಲಿವರ್ ಟೆಸ್ಟ್ ಪೂರ್ತಿ ನಾರ್ಮಲ್ ಆದ ಮೇಲೆ ರಕ್ತನಿಧಿಯವರನ್ನೇ ಕೇಳಿ, ಈ ಕಾಯಿಲೆಯ ಹೆಸರು ಹೇಳಿ ಕೇಳಿ.